ಬಿಸಿಯಾದ ಮ್ಯಾಲ ಬಂದ್ ಬೀಳೋ ಪದ್ಮಿನಿ: ಕರೆಂಟಾ, ಪೆಟ್ರೋಲಾ?

ಉಣಕಲ್_ಪದ್ಮಿನಿ:
1985ರ ಪ್ರೀಮಿಯರ್ ಪದ್ಮಿನಿ ಕಾರು. ಮುಂಜಾನೆ ಒಂದ ಸಲ ಸೆಲ್ಫ್ ಹೊಡದ್ರ ಚಾಲೂ ಆಗತೈತಿ. ಧಾರವಾಡಕ್ಕ ಹೋಗಾಕ ತ್ರಾಸಿಲ್ಲ. ಮಧ್ಯಾಹ್ನ ಹುಬ್ಬಳ್ಳಿಗೆ ವಾಪಸ್ ಬರುವಾಗ ನವನಗರದ ಸಿಗ್ನಲ್‌ನಾಗ ಎರಡು ನಿಮಿಷ ನಿಂತರ ಸಾಕು, ಜಗ್ಗಿ ಜಗ್ಗಿ ಬಂದ್. ಅರ್ಧ ತಾಸು ಬಿಟ್ಟರ ಮತ್ತ ಚಾಲೂ. ಟೆಂಪರೇಚರ್ ಮುಳ್ಳು ನಡುವ ಇರತೈತಿ. ಪ್ಲಗ್, ಪಾಯಿಂಟ್ ಹೊಸಾವು. ಗ್ಯಾರೇಜಿನ್ಯಾಗ ಕಾರ್ಬೊರೇಟರ್ ಬದಲಿ ಮಾಡ್ರಿ ಅಂತಾರ. ಮಾಡ್ಲೇನ್ರಿ?

ಗದಗ_1100:
ಕಾರ್ಬೊರೇಟರಿಗೆ ಕೈ ಹಚ್ಚಬ್ಯಾಡ್ರಿ. ಗಾಡಿ ಆರೂದ್ರಾಗ, ಬಂದ್ ಬಿದ್ದಲ್ಲೇ ನೋಡಬೇಕು.

ಮೊದಲು ಕರೆಂಟ್. ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿನ ವೈರ್ ಕಿತ್ತು, ಒಣ ಬಟ್ಟಿ ಸುತ್ತಿದ ಪಕ್ಕಡದಿಂದ ಹಿಡಿದು, ತುದಿ ಎಂಜಿನ್ ಬ್ಲಾಕಿನಿಂದ 6 ಮಿ.ಮೀ. ದೂರ ಇಡ್ರಿ. ಇನ್ನೊಬ್ಬರು ಸೆಲ್ಫ್ ಹೊಡೀಲಿ. ನೀಲಿ ಕಿಡಿ ಚಟ್ ಚಟ್ ಅಂತ ಹಾರಿದ್ರ ಕರೆಂಟ್ ಸರಿ. ಕೆಂಪು, ಸಣಕಲು ಕಿಡಿ ಬಂದ್ರ ಕಂಡೆನ್ಸರ್ ಇಲ್ಲಾ ಕಾಯಿಲ್ (ಕಿಡಿಗೆ ಬೇಕಾದ ಜೋರ್ ಕರೆಂಟ್ ಕೊಡೂದು) ಕೆಟ್ಟೈತಿ. ಎರಡೂ ತಣ್ಣಗಿದ್ದಾಗ ಚಲೋ ಇದ್ದು, ಕಾದಾಗ ಕೈ ಕೊಡ್ತಾವು. ಪಾಯಿಂಟ್ ಹೊಸದು ಹಾಕಿ ಕಂಡೆನ್ಸರ್ ಹಳೇದ ಬಿಟ್ಟಿದ್ರ ಅದರ ಮ್ಯಾಲೇ ಮೊದಲ ಅನುಮಾನ.

ಆಮ್ಯಾಲ ಪೆಟ್ರೋಲ್. ಏರ್ ಕ್ಲೀನರ್ ಬಿಚ್ಚಿ, ಕಾರ್ಬೊರೇಟರ್ ಬಾಯಾಗ ನೋಡ್ಕೋತ ಎಕ್ಸಲರೇಟರ್ ಲಿಂಕ್ ಎಳೀರಿ. ಒಳಗ ಪೆಟ್ರೋಲ್ ಚಿರ್ರಂತ ಚಿಮ್ಮಬೇಕು. ಚಿಮ್ಮಲಿಲ್ಲಾಂದ್ರ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲು ಖಾಲಿ ಅಂತ ತಿಳೀರಿ. ಹಸಿ ಬಟ್ಟಿ ಎಂಜಿನ್ನಿಗೆ ಹಚ್ಚಿದ ಪೆಟ್ರೋಲ್ ಪಂಪಿನ ಮ್ಯಾಲ ಹಾಕ್ರಿ, ಕಾಯಿಲಿಗೆ ನೀರು ಸಿಡಿಸಬ್ಯಾಡ್ರಿ. ಐದು ನಿಮಿಷದಾಗ ಚಾಲೂ ಆದ್ರ ವೇಪರ್ ಲಾಕ್: ಪೆಟ್ರೋಲ್ ಪಂಪಿನ್ಯಾಗ ಕುದ್ದು ಆವಿ ಆಗೈತಿ, ಪಂಪಿಗೆ ಆವಿ ಜಗ್ಗಾಕ ಆಗೂದಿಲ್ಲ.

ಟ್ಯಾಂಕಿನ ಮುಚ್ಚಳಾನೂ ತಗದು ನೋಡ್ರಿ. ಉಸ್ ಅಂತ ಗಾಳಿ ಒಳಗ ಎಳಕೊಂಡ್ರ ಗಾಳಿ ತೂತು ಕಟ್ಟೈತಿ.

ಉಣಕಲ್_ಪದ್ಮಿನಿ:
ನೋಡಿದೆ ಸರ್. ಕಿಡಿ ನೀಲಿ, ಪೆಟ್ರೋಲ್ ಚಿಮ್ಮಲಿಲ್ಲ. ಹಸಿ ಬಟ್ಟಿ ಹಾಕಿದ ಮ್ಯಾಲ ಚಾಲೂ ಆತು. ಪಂಪ್, ಬ್ಲಾಕ್ ನಡುವ ಬರೇ ಒಂದು ಕಾಗದದ ಪ್ಯಾಕಿಂಗ್ ಐತಿ.

ಹಾವೇರಿ_ಸ್ಪ್ಯಾನರ್:
ಅಲ್ಲೇ ಐತಿ ರೋಗ. ನಡುವ ಬಿಸಿ ತಡೆಯೋ ಬೇಕಲೈಟ್ ತುಂಡು ಇರಬೇಕು, ಎರಡೂ ಕಡೆ ಪ್ಯಾಕಿಂಗ್. ಪಂಪ್ ಬಿಚ್ಚಿದವ್ರು ಒಡದದ್ದು ಒಗದು ಹಂಗ ಬಿಗಿದಿರತಾರ. ಬ್ಲಾಕಿನ ಬಿಸಿ ನೇರ ಪಂಪಿಗೆ ಹತ್ತತೈತಿ. ಅದರ ಮ್ಯಾಲ ಪಂಪಿನ ಲಿವರ್ ಹೆಚ್ಚು ಒತ್ತಿ ಡಯಾಫ್ರಮ್ (ಪಂಪಿನ ಒಳಗಿನ ಪರದೆ) ಲಗೂ ಹರೀತೈತಿ. ಮೂಲದ ದಪ್ಪದ್ದನ್ನೇ ಹಾಕ್ರಿ. ದಪ್ಪ ಜಾಸ್ತಿ ಆದ್ರ ಲಿವರಿನ ಸ್ಟ್ರೋಕ್ (ಆಡೂ ಅಳತಿ) ಸಾಲೂದಿಲ್ಲ.

ಈಗ ಚಾಲೂ ಮಾಡೂಕ್ಕಿಂತ ಮೊದಲು ಆಯಿಲ್ ಕಡ್ಡಿ ಎಳದು ವಾಸನೆ ನೋಡ್ರಿ. ಪೆಟ್ರೋಲ್ ನಾತ ಬಂದು ಆಯಿಲ್ ಮಟ್ಟ ಏರಿದ್ರ ಡಯಾಫ್ರಮ್ ಹರಿದು ಪೆಟ್ರೋಲು ಆಯಿಲ್ ಚೇಂಬರಿಗೆ ಇಳಿದೈತಿ. ಆಯಿಲ್ ಬದಲಿ ಮಾಡದ ಓಡಿಸಿದ್ರ ಬೇರಿಂಗ್ ಹೋಗ್ತಾವು. ಹಳೇ ರಬ್ಬರ್ ಪೈಪೂ ತಗೀರಿ, ಎಥನಾಲ್ ಬೆರೆತ ಪೆಟ್ರೋಲಿಗೆ ಅವು ಉಬ್ಬಿ ಬಿರಿತಾವು.

ಧಾರವಾಡ_ಗೇರ್:
ಎಲೆಕ್ಟ್ರಿಕ್ ಪಂಪ್ ಹಚ್ಚಿದ್ರ ಈ ರಗಳೇನ ಇರೂದಿಲ್ಲಲ್ರಿ?

ಗದಗ_1100:
ಹಚ್ಚಬಹುದು, ಆದ್ರ 2ರಿಂದ 3 ಪಿಎಸ್ಐ ಒತ್ತಡ ಕೊಡೂದು ಬೇಕು. ಇಂಜೆಕ್ಷನ್ ಗಾಡಿಯ ಜೋರ್ ಒತ್ತಡದ ಪಂಪ್ ಹಚ್ಚಿದ್ರ ಕಾರ್ಬೊರೇಟರಿಗೆ ಪೆಟ್ರೋಲ್ ಬಿಡೋ ನೀಡಲ್ ವಾಲ್ವ್ ತಡೆಯೂದಿಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮ್ಯಾಲ ಸುರೀತೈತಿ. ಮೊದಲು ಆ ಬೇಕಲೈಟ್ ತುಂಡು ಹಾಕಿ ಒಂದು ಮಧ್ಯಾಹ್ನ ಓಡಿಸ್ರಿ.