ಹಂಚಿಕೊಂಡ ಫೋಲ್ಡರ್‌ಗೆ ಪರ್ಮಿಷನ್: ನೀವು ಹೇಗೆ ಮಾಡಿದಿರಿ?

ಹೊಸಬ: ಮೂರು ತಂಡ, ಒಂದೇ ವಿಂಡೋಸ್ ಸರ್ವರ್. ಲೆಕ್ಕದ ಫೋಲ್ಡರ್ ಇಬ್ಬರಿಗೆ ಮಾತ್ರ ತೆರೆಯಬೇಕು. ಉಳಿದವರಿಗೆಲ್ಲ ಡಿನೈ (ಪ್ರವೇಶ ಇಲ್ಲ ಅನ್ನೋ ಗುರುತು) ಹಾಕಿದರೆ ಸಾಕಾ? ಅನುಭವ ಇದ್ದವರು ಹೇಳಿ.

ರಾತ್ರಿಪಾಳಿ: ಡಿನೈ ಅಂದ ಕೂಡಲೇ ಹೊಟ್ಟೆ ತೊಳಸುತ್ತದೆ. ನಾನು ಒಂದು ಗುಂಪಿಗೆ ಹಾಕಿದೆ, ಮ್ಯಾನೇಜರ್ ಕೂಡ ಅದೇ ಗುಂಪಿನಲ್ಲಿದ್ದಾರೆ ಅನ್ನೋದು ಮರೆತೇಹೋಗಿತ್ತು. ಇನ್ನೊಂದು ಗುಂಪಿನಿಂದ ಅವರಿಗೆ ಫುಲ್ ಕಂಟ್ರೋಲ್ ಇತ್ತು, ಆದರೂ ಡಿನೈಯೇ ಗೆದ್ದು ಬಾಗಿಲು ಬಂದ್. ಸರಿ ಮಾಡೋಕೆ ಹೋಗಿ, ಮೇಲಿನ ಫೋಲ್ಡರ್‌ನಲ್ಲಿ ನಿಂತು ಒಳಗಿನದ್ದಕ್ಕೆಲ್ಲ ಇದೇ ಪರ್ಮಿಷನ್ ಅಂತ ಟಿಕ್ ಒತ್ತಿಬಿಟ್ಟೆ. ರಾತ್ರಿ 11:30ಕ್ಕೆ ಒತ್ತಿದ್ದು ಬೆಳಗಿನ ಜಾವ 4ಕ್ಕೆ ಮುಗಿಯಿತು. ಆರು ವರ್ಷದಿಂದ ಒಬ್ಬೊಬ್ಬರಿಗೆ ಕೈಯಾರೆ ಕೊಟ್ಟಿದ್ದ ವಿನಾಯಿತಿಗಳೆಲ್ಲ ಮಾಯ! ಮೊದಲೇ ಐಕ್ಯಾಕಲ್ಸ್‌ನಲ್ಲಿ (ವಿಂಡೋಸ್‌ನ ಪರ್ಮಿಷನ್ ಕಮಾಂಡ್) ಹಳೇ ಪರ್ಮಿಷನ್ ಸೇವ್ ಮಾಡಿದ್ದರೆ ವಾಪಸ್ ತರೋದು ಒಂದು ಕಮಾಂಡ್‌ನ ಕೆಲಸ. ಮಾಡಿರಲಿಲ್ಲ. ಮೂರು ದಿನ ಎಲ್ಲರ ಮೇಜಿನ ಹತ್ತಿರ ಹೋಗಿ, ನಿಮಗೆ ಏನೇನು ತೆರೆಯುತ್ತಿತ್ತು ಅಂತ ಕೇಳಿ ಬರೆದುಕೊಂಡೆ.

ಪೆಂಗ್ವಿನ್: ಅದಕ್ಕೇ ಲಿನಕ್ಸ್ ಇಡಿ ಅನ್ನೋದು. ಫೋಲ್ಡರಿಗೆ 2770 ಪರ್ಮಿಷನ್ (ಮಾಲೀಕನಿಗೂ ಗುಂಪಿಗೂ ಪೂರ್ತಿ ಹಕ್ಕು, ಉಳಿದವರಿಗೆ ಏನೂ ಇಲ್ಲ) ಕೊಟ್ಟರೆ ಹೊಸ ಫೈಲ್‌ಗೂ ಫೋಲ್ಡರಿನ ಗುಂಪೇ ಬರುತ್ತದೆ. ಎರಡು ವರ್ಷದಲ್ಲಿ ಒಂದು ದೂರೂ ಇಲ್ಲ.

ಹಳೇಹುಲಿ: ದೂರು ಇಲ್ಲವೋ, ನಿಮಗೆ ಕೇಳಿಸಿಲ್ಲವೋ? ಗುಂಪು ಬರುತ್ತದೆ ಸ್ವಾಮಿ, ಬರೆಯೋ ಹಕ್ಕು ಬರಲ್ಲ. ಯೂಮಾಸ್ಕ್ (ಹೊಸ ಫೈಲಿಗೆ ಯಾವ ಹಕ್ಕು ಕಡಿತ ಅನ್ನೋ ಸೆಟ್ಟಿಂಗ್) 022 ಇದ್ದರೆ ಒಬ್ಬರು ಮಾಡಿದ ಫೈಲನ್ನು ಉಳಿದವರು ಓದಬಹುದು ಅಷ್ಟೇ. ನಾನು ಡೀಫಾಲ್ಟ್ ಎಸಿಎಲ್ (ಒಳಗೆ ಹೊಸದಾಗಿ ಬರೋದಕ್ಕೆಲ್ಲ ತಾನಾಗಿ ಅಂಟೋ, ಯಾರಿಗೆ ಯಾವ ಹಕ್ಕು ಅನ್ನೋ ಪಟ್ಟಿ) ಹಾಕಿ ಮೀಸೆ ತಿರುವಿಕೊಂಡು ಕೂತಿದ್ದೆ. ಯಾರೋ ಪುಣ್ಯಾತ್ಮ ಆ ಫೋಲ್ಡರಿಗೆ ಸಿಎಚ್‌ಮಾಡ್ 700 (ಮಾಲೀಕನಿಗೆ ಮಾತ್ರ ಹಕ್ಕು ಅನ್ನೋ ಕಮಾಂಡ್) ಹೊಡೆದ. ಎಸಿಎಲ್ ಪಟ್ಟಿಯಲ್ಲಿ ಹೆಸರುಗಳೆಲ್ಲ ಇದ್ದ ಹಾಗೇ ಇವೆ, ಆದರೆ ಯಾರಿಗೂ ಒಳಗೆ ಹೋಗೋಕೆ ಆಗುತ್ತಿಲ್ಲ. ಆ 700ರಿಂದ ಮಾಸ್ಕ್ (ಪಟ್ಟಿಯ ಹಕ್ಕುಗಳಿಗೆ ಮಿತಿ ಹಾಕೋದು) ಖಾಲಿಯಾಗಿದೆ ಅಂತ ಹೊಳೆಯೋಕೆ ಅರ್ಧ ದಿನ ಬೇಕಾಯಿತು, ಅಷ್ಟರಲ್ಲಿ ಸಾಂಬಾ (ಲಿನಕ್ಸ್ ಫೋಲ್ಡರನ್ನು ವಿಂಡೋಸ್‌ಗೆ ಹಂಚೋ ತಂತ್ರಾಂಶ), ನೆಟ್‌ವರ್ಕ್ ಎಲ್ಲವನ್ನೂ ಬೈದು, ಸರ್ವರ್ ಎರಡು ಸಲ ರೀಬೂಟ್ ಮಾಡಿ ಆಗಿತ್ತು.

ಪೆಂಗ್ವಿನ್: ಯೂಮಾಸ್ಕ್ ಬದಲಿಸೋದು ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡು ಹೇಳಲಿಲ್ಲ. 777 (ಎಲ್ಲರಿಗೂ ಎಲ್ಲ ಹಕ್ಕು) ಕೊಟ್ಟು ಕೈ ತೊಳೆದುಕೊಳ್ಳೋರಿಗಿಂತ ನಾನು ವಾಸಿ.

ಹಳೇಹುಲಿ: 777 ಕೊಟ್ಟೆ ಅಂತ ನಾನು ಎಲ್ಲಿ ಹೇಳಿದೆ? ಸುಮ್ನೆ ಬಾಯಿಗೆ ಬಂದದ್ದು ಬರೀಬೇಡಿ.

ರಾತ್ರಿಪಾಳಿ: ಇಬ್ಬರೂ ಲಿನಕ್ಸ್ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ನನ್ನ ಕಥೆ ಇನ್ನೂ ಮುಗಿದಿಲ್ಲ. ಒಂದೇ ಡ್ರೈವಿನೊಳಗೆ ಮೂವ್ ಮಾಡಿದ ಫೈಲ್ ಹಳೇ ಪರ್ಮಿಷನ್ ಹೊತ್ತುಕೊಂಡೇ ಬರಬಹುದು, ಕಾಪಿ ಮಾಡಿದರೆ ಮಾತ್ರ ಹೊಸ ಫೋಲ್ಡರಿನದ್ದು ಸಿಗುತ್ತದೆ. ಇದರಿಂದ ಸಂಬಳದ ಪಟ್ಟಿಯೊಂದು...

ಹೊಸಬ: ಡಿನೈ ಬಿಟ್ಟೆ. ಇನ್ಹೆರಿಟೆನ್ಸ್ (ಮೇಲಿನ ಫೋಲ್ಡರಿನ ಪರ್ಮಿಷನ್ ತಾನಾಗಿ ಇಳಿದು ಬರೋದು) ಕಡಿದು, ಹೊಸ ಗುಂಪು ಮಾಡಿ ಆ ಇಬ್ಬರನ್ನೇ ಸೇರಿಸಿದೆ. ಈಗ ಅವರಿಗೂ ತೆರೆಯುತ್ತಿಲ್ಲ!

ಪೆಂಗ್ವಿನ್: ಲಾಗ್ ಔಟ್ ಮಾಡಿ ಮತ್ತೆ ಬರೋಕೆ ಹೇಳಿ, ಹೊಸ ಗುಂಪು ಆಮೇಲೇ ಲೆಕ್ಕಕ್ಕೆ ಬರೋದು. ಅದೂ ಗೊತ್ತಿಲ್ಲವಾ?

ಹಳೇಹುಲಿ: ನೋಡಿ, ಮತ್ತೆ ಎಲ್ಲರಿಗೂ ಗೊತ್ತು ಅಂದುಕೊಂಡರು.