ಪದಚರ್ಚೆ: ಜಾಝ್ 'ಸ್ಟ್ಯಾಂಡರ್ಡ್' ಅಂದರೆ 'ಮಾನಕ'ವೆ?

ಬಳಗದವರಿಗೆ ನಮಸ್ಕಾರ.

ಪುರವಣಿಯೊಂದಕ್ಕೆ ಬಂದಿರುವ ಅನುವಾದ ತಿದ್ದಬೇಕಾಗಿದೆ. ಅಮೆರಿಕದ ಗಾಯಕಿ, ನಟಿ ಕ್ವೀನ್ ಲತೀಫಾ 2004ರಲ್ಲಿ ಹೊರತಂದ 'ದ ಡೇನಾ ಓವೆನ್ಸ್ ಆಲ್ಬಮ್' ಬಗೆಗಿನ ಬರಹ. ಕರಡಿನ ಮೊದಲ ವಾಕ್ಯ ಇದು:

"ರ್ಯಾಪರ್‌ನಿಂದ ಗಾಯಕಿಯಾಗಿ ತಿರುಗಿದ ರಾಣಿ ಲತೀಫಾ ಅವರು ನಿರ್ಮಾಪಕ ಆರಿಫ್ ಮಾರ್ಡಿನ್ ಅವರೊಂದಿಗೆ ಜಾಝ್ ಮತ್ತು ಆತ್ಮಸಂಗೀತದ ಮಾನಕಗಳ ಧ್ವನಿಸುರುಳಿಯನ್ನು ಮುದ್ರಿಸಿದರು."

ಮುಂದೆ 'ಪದ್ಯ', 'ಕೋರಸ್', 'ತಾಳಕ್ಕಿಂತ ಹಿಂದುಳಿದು ಹಾಡುವುದು' ಎಂಬ ಮಾತುಗಳೂ ಬರುತ್ತವೆ. ವ್ಯಾಕರಣ ಸರಿಯಿದೆ, ಅರ್ಥ ಮಾತ್ರ ಕೈಗೆ ಸಿಗುತ್ತಿಲ್ಲ. ಯಾವ ಪದ ಇಟ್ಟುಕೊಳ್ಳಲಿ, ಯಾವುದನ್ನು ಕಿತ್ತು ಹಾಕಲಿ?

ಉತ್ತರ 1

ಸುಲಭದವನ್ನು ಮೊದಲು ಮುಗಿಸೋಣ. 'ರಾಣಿ' ಬೇಡ. ಅದು ವೇದಿಕೆಯ ಹೆಸರಿನ ಭಾಗ, ಪದವಿಯಲ್ಲ. (ಉರ್ದು ಬಲ್ಲವರಿಗೆ ಲತೀಫಾ ಅಂದರೆ ನಗೆಚಟಾಕಿ. 'ರಾಣಿ' ಸೇರಿದರೆ ಇನ್ನೂ ಎಡವಟ್ಟು.) ಹುಟ್ಟುಹೆಸರು ಡೇನಾ ಓವೆನ್ಸ್ ಎಂಬುದನ್ನು ಬರಹದಲ್ಲಿ ಒಮ್ಮೆ ಹೇಳಿಬಿಡಿ, ಇಲ್ಲದಿದ್ದರೆ ಆಲ್ಬಮ್ಮಿನ ಹೆಸರು ಬೇರೆ ಯಾರದೋ ಅನ್ನಿಸುತ್ತದೆ.

'ಗಾಯಕಿಯಾಗಿ ತಿರುಗಿದ' ಅನ್ನುವುದರಲ್ಲಿ ಅಲೆದಾಟದ, ತಿರುಗಿಬಿದ್ದ ವಾಸನೆಯಿದೆ. 'ರ‍್ಯಾಪ್‌ನಿಂದ ಹಾಡುಗಾರಿಕೆಗೆ ಬಂದ' ಸಾಕು. 1989ರ ಮೊದಲ ಆಲ್ಬಮ್ಮಿನಿಂದ ಹೆಸರಾದದ್ದು ರ‍್ಯಾಪ್‌ಗೆ, ನಿಜ. ಆದರೆ 2002ರ 'ಷಿಕಾಗೊ' ಚಿತ್ರದಲ್ಲೇ ಜೈಲಿನ ಮೇಟ್ರನ್ ಪಾತ್ರದಲ್ಲಿ ಹಾಡಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದವರು. ಹಾಗಾಗಿ 'ಇದ್ದಕ್ಕಿದ್ದಂತೆ' ಎಂಬ ಮಾತು ಎಲ್ಲಾದರೂ ಇದ್ದರೆ ತೆಗೆಯಿರಿ.

'ನಿರ್ಮಾಪಕ' ನಮ್ಮಲ್ಲಿ ದುಡ್ಡು ಹಾಕುವವನು. ಮಾರ್ಡಿನ್ ಮಾಡಿದ್ದು ಆ ಕೆಲಸವಲ್ಲ. ಯಾವ ಹಾಡು, ಯಾವ ಶ್ರುತಿ, ಯಾವ ವಾದ್ಯ, ಹಲವು ಸಲ ಹಾಡಿಸಿದ್ದರಲ್ಲಿ ಯಾವುದು ಉಳಿಯಬೇಕು ಎಂದು ತೀರ್ಮಾನಿಸುವ ಕೆಲಸ. 'ಧ್ವನಿಮುದ್ರಣ ನಿರ್ದೇಶಕ' ಅಂದರೆ ಹತ್ತಿರ. ಜತೆಗೆ ರಾನ್ ಫೇರ್ ಹೆಸರೂ ಬರಬೇಕು, ಕರಡು ಬಿಟ್ಟಿದೆ. 2004ರ ಸಿಡಿಗೆ 'ಧ್ವನಿಸುರುಳಿ' ಅನ್ನುವುದು ಕ್ಯಾಸೆಟ್ ಕಾಲದ ಪಳೆಯುಳಿಕೆ. ಆಲ್ಬಮ್ ಎಂದೇ ಬರೆಯಿರಿ.

'ಆತ್ಮಸಂಗೀತ' ಭಜನಾ ಮಂಡಳಿಗೆ ಸರಿ. ಸೋಲ್ ಎಂದರೆ ಚರ್ಚಿನ ಗಾಸ್ಪೆಲ್ ಹಾಡಿಕೆ ರಿದಮ್ ಅಂಡ್ ಬ್ಲೂಸ್ ಜತೆ ಬೆರೆತು 1950-60ರ ದಶಕಗಳಲ್ಲಿ ಬೆಳೆದ ಕಪ್ಪು ಅಮೆರಿಕನ್ನರ ಲೌಕಿಕ ಸಂಗೀತ. ಪದವನ್ನು ಹಾಗೇ ಇಡಿ, ಆದರೆ ವಿಭಕ್ತಿ ಹಚ್ಚುವಾಗ ಹುಷಾರು: 'ಸೋಲಿನ ಗಾಯಕಿ' ಅಂದರೆ ಪಾಪ, ಗೆದ್ದದ್ದೇ ಇಲ್ಲ ಅಂತಾಗುತ್ತದೆ. ಪ್ರತ್ಯಯವನ್ನು ಯಾವಾಗಲೂ ಮುಂದಿನ ಪದಕ್ಕೆ ದಾಟಿಸಿ: 'ಸೋಲ್ ಸಂಗೀತದ', 'ಸೋಲ್ ಹಾಡುಗಳ'.

ನಿಜವಾದ ತೊಡಕು 'ಪದ್ಯ' ಮತ್ತು 'ಕೋರಸ್'. ವರ್ಸ್ ಎಂಬ ಒಂದೇ ಮಾತಿಗೆ ಈ ಬರಹದಲ್ಲಿ ಎರಡು ಅರ್ಥ. ರ‍್ಯಾಪ್‌ನಲ್ಲಿ ವರ್ಸ್ ಎಂದರೆ ಹಾಡಿನ ಮೈ, ಸಾಮಾನ್ಯವಾಗಿ 16 ಬಾರ್ (ತಾಳದ ಆವರ್ತ). ಹಳೆಯ ಬ್ರಾಡ್‌ವೇ ಹಾಡುಗಳಲ್ಲಿ ಅದು ಮುಖ್ಯ ಹಾಡಿಗೆ ಮುಂಚೆ, ಹೆಚ್ಚಾಗಿ ತಾಳಕ್ಕೆ ಕಟ್ಟುಬೀಳದೆ ಹಾಡುವ ಪೀಠಿಕೆ. ಎಷ್ಟೋ ಗಾಯಕರು ಅದನ್ನು ಬಿಟ್ಟೇ ಹಾಡುತ್ತಾರೆ. ಮೊದಲನೆಯದಕ್ಕೆ 'ಚರಣ', ಎರಡನೆಯದಕ್ಕೆ 'ಪೀಠಿಕೆ' ಎಂದು ಬೇರೆ ಮಾಡಿ. ಈ ಆಲ್ಬಮ್ಮಿನಲ್ಲಿರುವ ಬಿಲ್ಲಿ ಸ್ಟ್ರೇಹಾರ್ನ್ ಅವರ 'ಲಷ್ ಲೈಫ್'ನಲ್ಲಂತೂ ಪೀಠಿಕೆಯೇ ಉದ್ದ, ಅದಿಲ್ಲದೆ ಹಾಡೇ ಇಲ್ಲ. ಅಲ್ಲಿ 'ಪದ್ಯ' ಎಂದು ಬರೆದರೆ ಓದುಗ ಹುಡುಕುವುದು ಬೇರೆ ಜಾಗದಲ್ಲಿ.

ಕೋರಸ್ ಇನ್ನೂ ಕೆಟ್ಟದ್ದು. ನಮಗೆ ಕೋರಸ್ ಎಂದರೆ ಹಿಂದೆ ನಿಂತು ಹಾಡುವ ತಂಡ. ಪಾಪ್‌ನಲ್ಲಿ ಮರುಕಳಿಸುವ ಪಲ್ಲವಿ. ಜಾಝ್‌ನಲ್ಲಿ ಹಾಡಿನ ಪೂರ್ತಿ ಒಂದು ಸುತ್ತು: ಹೆಚ್ಚಿನವುಗಳಲ್ಲಿ 32 ಬಾರ್, ಎಂಟೆಂಟರ ನಾಲ್ಕು ತುಂಡು, ಒಂದು-ಎರಡು-ನಾಲ್ಕನೆಯದರ ಮಟ್ಟು ಒಂದೇ, ಮೂರನೆಯದು ಬೇರೆ. 'ಸ್ಯಾಕ್ಸೊಫೋನ್ ಎರಡು ಕೋರಸ್ ನುಡಿಸಿತು' ಎಂದರೆ ಎರಡು ಸುತ್ತು. 'ಸುತ್ತು' ಎಂದೇ ಬರೆಯಿರಿ. ಬಾರ್‌ಗೆ 'ನಾಲ್ಕೆಣಿಕೆಯ ಆವರ್ತ' ಆಗಬಹುದು. '32 ಬಾರ್‌ಗಳ ಹಾಡು' ಎಂದರೆ ಬೆಂಗಳೂರಿನ ಓದುಗನಿಗೆ ಬೇರೆಯೇ ರಸ್ತೆ ನೆನಪಾಗುತ್ತದೆ.

'ತಾಳಕ್ಕಿಂತ ಹಿಂದುಳಿದು' ಎಂಬುದು ದೋಷದಂತೆ ಕೇಳುತ್ತದೆ. ಕರ್ನಾಟಕ ಸಂಗೀತದ ಅನಾಗತವೂ (ತಾಳ ಶುರುವಾದ ಮೇಲೆ ಹಾಡು ಎತ್ತುವುದು) ಅಲ್ಲ. ಅನಾಗತದಲ್ಲಿ ಎಷ್ಟು ತಡೆದು ಎತ್ತಬೇಕು ಎಂಬುದಕ್ಕೆ ಲೆಕ್ಕವಿದೆ. ಇಲ್ಲಿ ಸಾಲನ್ನು ಅಂದಾಜಿನಲ್ಲಿ ತಡೆದು ಬಿಟ್ಟು, ಸಾಲು ಮುಗಿಯುವಲ್ಲಿ ಬಡಿತವನ್ನು ಹಿಡಿಯುತ್ತಾರೆ. 'ಬಡಿತವನ್ನು ಮುಂದೆ ಬಿಟ್ಟು ಹಾಡುವುದು' ಎಂಬುದು ನನ್ನ ಸಲಹೆ. ರ‍್ಯಾಪ್ ಮಾಡಿದವರಿಗೆ ಇದು ಹೊಸದಲ್ಲ. ಅವರಿಗೆ ಹೊಸದು ಸ್ವರ ಎಳೆದು ನಿಲ್ಲಿಸುವುದು, ಅದಕ್ಕೆ ಬೇಕಾದ ಉಸಿರು.

ಉತ್ತರ 2

ಮೇಲಿನವರು 'ಮಾನಕ'ವನ್ನು ಮುಟ್ಟಲಿಲ್ಲ, ಕೇಳಿದ್ದು ಅದನ್ನೇ.

ಮಾನಕ ಎಂದರೆ ಅಳತೆಗೋಲು, ಐಎಸ್‌ಐ ಮುದ್ರೆ. ಜಾಝ್ ಸ್ಟ್ಯಾಂಡರ್ಡ್ ಯಾವುದನ್ನೂ ಅಳೆಯುವುದಿಲ್ಲ. ವಾದಕರೆಲ್ಲರಿಗೂ ಬರುವ, ಹೆಸರು ಮತ್ತು ಶ್ರುತಿ ಹೇಳಿದರೆ ಪೂರ್ವಾಭ್ಯಾಸವಿಲ್ಲದೆ ನುಡಿಸಬಹುದಾದ ಹಾಡು ಅದು. ನಮ್ಮ ದೇವರನಾಮಕ್ಕೆ ಹೋಲಿಸುವ ಆಸೆಯಾಗುತ್ತದೆ, ಆದರೆ ಅದು ತಲೆಕೆಳಗು. ಪುರಂದರದಾಸರ ಪದದಲ್ಲಿ ಮಾತು ಹಾಗೇ ಉಳಿಯುತ್ತದೆ, ಮಟ್ಟು ಹಾಡುವವರ ಜತೆ ಬದಲಾಗುತ್ತದೆ. ಅದೇ ಪದ ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಒಂದು ರಾಗ, ಕರ್ನಾಟಕ ಕಛೇರಿಯಲ್ಲಿ ಇನ್ನೊಂದು. ಸ್ಟ್ಯಾಂಡರ್ಡ್‌ನಲ್ಲಿ ಮಟ್ಟು ಮತ್ತು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಣಿ ಉಳಿಯುತ್ತದೆ, ಮಾತನ್ನು ಪೂರ್ತಿ ಬಿಟ್ಟು ಪಿಯಾನೊದಲ್ಲಿ ನುಡಿಸಿದರೂ ಹಾಡು ಅದೇ. ಹಿಂದುಸ್ತಾನಿಯ 'ಬಂದಿಶ್' (ರಾಗ-ತಾಳಕ್ಕೆ ಕಟ್ಟಿದ ರಚನೆ) ಇದಕ್ಕಿಂತ ಹತ್ತಿರ.

ಇನ್ನೂ ಒಂದು ತಪ್ಪಿದೆ, ಅದು ಪದದ್ದಲ್ಲ. ಕರಡು ಇಡೀ ಆಲ್ಬಮ್ಮನ್ನು 'ಮಾನಕಗಳು' ಎಂದು ಕಟ್ಟಿಹಾಕಿದೆ. 'ಲಷ್ ಲೈಫ್' ಸ್ಟ್ಯಾಂಡರ್ಡ್. ಆದರೆ ಅದರ ಪಕ್ಕದಲ್ಲೇ ಆಲ್ ಗ್ರೀನ್ ಅವರ 1972ರ ಸೋಲ್ ಹಾಡಿದೆ, ಅದನ್ನು ಅವರೇ ಬಂದು ಲತೀಫಾ ಜತೆ ಹಾಡಿದ್ದಾರೆ. ಬಿಲ್ ವಿದರ್ಸ್ ಅವರದೂ ಒಂದಿದೆ. 1965ರ ಮಾಮಾಸ್ ಅಂಡ್ ದ ಪಾಪಾಸ್ ಹಾಡೂ ಇದೆ. ಇವು ಕವರ್, ಅಂದರೆ ಬೇರೊಬ್ಬರ ಹಾಡನ್ನು ಮತ್ತೆ ಹಾಡಿದ್ದು. ವ್ಯತ್ಯಾಸ ಸಣ್ಣದಲ್ಲ: ಸ್ಟ್ಯಾಂಡರ್ಡ್ ಬದುಕುವುದು ಸ್ವರಲಿಪಿಯ ಹಾಳೆಯಲ್ಲಿ, ಸೋಲ್ ಹಾಡು ಬದುಕುವುದು ಒಬ್ಬರ ಕಂಠದ ಮುದ್ರಿಕೆಯಲ್ಲಿ. ಸ್ಟ್ಯಾಂಡರ್ಡ್ ಹಾಡಿದವರನ್ನು ಯಾರೂ 'ಮೂಲ ಯಾರದು' ಎಂದು ಕೇಳುವುದಿಲ್ಲ, ಸೋಲ್ ಹಾಡಿದವರಿಗೆ ಆ ಪ್ರಶ್ನೆ ತಪ್ಪುವುದಿಲ್ಲ. ಎರಡನೆಯದಕ್ಕೆ 'ಮರುಗಾಯನ' ಒಳ್ಳೆಯ ಪದ.

ಆಲ್ಬಮ್ಮಿನಲ್ಲಿ 'ಮೂಡೀಸ್ ಮೂಡ್ ಫಾರ್ ಲವ್' ಕೂಡ ಇದೆ, ಕರಡು ಅದನ್ನು 'ಸ್ಕ್ಯಾಟ್' ಎಂದಿದ್ದರೆ ತಿದ್ದಿ. ಸ್ಕ್ಯಾಟ್ ಎಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ ಆಗಿಂದಾಗ ಕಟ್ಟುವ ಮನೋಧರ್ಮ. ತಿಲ್ಲಾನವಲ್ಲ, ಅದು ಮೊದಲೇ ಕಟ್ಟಿದ್ದು. ಬಾಯಲ್ಲಿ ಮೃದಂಗದ ಸೊಲ್ಲು ಹೇಳುವ ಕೊನ್ನಕ್ಕೋಲೂ ಅಲ್ಲ, ಅದರಲ್ಲಿ ಲಯವೇ ಮುಖ್ಯ, ಮಟ್ಟಿಲ್ಲ. ಈ ಹಾಡು ವೋಕಲೀಸ್: ಜೇಮ್ಸ್ ಮೂಡಿ 1949ರಲ್ಲಿ ಸ್ವೀಡನ್ನಿನಲ್ಲಿ ಹಳೆಯ ಹಾಡೊಂದರ ಮೇಲೆ ಸ್ಯಾಕ್ಸೊಫೋನಿನಲ್ಲಿ ಆಶುವಾಗಿ ನುಡಿಸಿದ್ದಕ್ಕೆ, ಎಡ್ಡಿ ಜೆಫರ್ಸನ್ ಸ್ವರಕ್ಕೊಂದು ಅಕ್ಷರದಂತೆ ಮಾತು ಕೂಡಿಸಿದರು. ಕಿಂಗ್ ಪ್ಲೆಷರ್ 1952ರಲ್ಲಿ ಮುದ್ರಿಸಿದ ಮೇಲೆ ಮನೆಮಾತಾಯಿತು. 'ವಾದನಕ್ಕೆ ನುಡಿ ಕೂಡಿಸಿದ ಹಾಡು' ಎಂದು ಬಿಡಿಸಿಯೇ ಬರೆಯಬೇಕು. ರ‍್ಯಾಪ್‌ನ ನಾಲಿಗೆ ಈ ಆಲ್ಬಮ್ಮಿನಲ್ಲಿ ನೇರವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಸ್ಟ್ಯಾಂಡರ್ಡ್‌ಗೆ ಹೊಸ ಪದ ಟಂಕಿಸಬೇಡಿ, 'ರೂಢಿಗೀತೆ' ಎಂದರೆ ಗಾದೆಯಂತೆ ಕೇಳುತ್ತದೆ. ಆದರೆ ಬಿಡಿಯಾಗಿಯೂ ಬಿಡಬೇಡಿ, ಅದಾಗಲೇ ಕನ್ನಡದಲ್ಲಿ ಶಾಲೆಯ ತರಗತಿ. 'ಜಾಝ್ ಸ್ಟ್ಯಾಂಡರ್ಡ್' ಎಂದು ಜೋಡಿಸಿಯೇ ಬಳಸಿ.

ಕೇಳಿದವರಿಂದ

ಇಬ್ಬರಿಗೂ ವಂದನೆ. ಅಚ್ಚಿಗೆ ಹೋಗುವುದು ಇದು:

"ರ‍್ಯಾಪ್‌ನಿಂದ ಹಾಡುಗಾರಿಕೆಗೆ ಬಂದ ಕ್ವೀನ್ ಲತೀಫಾ, ಆರಿಫ್ ಮಾರ್ಡಿನ್ ಮತ್ತು ರಾನ್ ಫೇರ್ ಅವರ ಧ್ವನಿಮುದ್ರಣ ನಿರ್ದೇಶನದಲ್ಲಿ ಕೆಲವು ಜಾಝ್ ಸ್ಟ್ಯಾಂಡರ್ಡ್‌ಗಳನ್ನೂ ಸೋಲ್ ಹಾಡುಗಳ ಮರುಗಾಯನವನ್ನೂ ಒಂದೇ ಆಲ್ಬಮ್ಮಿಗೆ ಹಾಡಿದರು."

ಒಂದು ಬಾಕಿ: 'ರ್ಯಾಪ್' ಎಂದು ಕೀಲಿಸಿದರೆ ಅರ್ಕಾವೊತ್ತು ಬಂದು 'ಸೂರ್ಯ'ದ ರ್ಯ ಆಗುತ್ತಿದೆ.

ಉತ್ತರ 1

ರ ಒತ್ತಿದ ಮೇಲೆ ಝಡ್‌ಡಬ್ಲ್ಯುಜೆ (ಅಕ್ಷರ ಕೂಡುವ ರೀತಿಯನ್ನು ಬದಲಿಸುವ, ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆ), ಆಮೇಲೆ ಹಲಂತ, ಆಮೇಲೆ ಯ. ಹಲಂತದ ನಂತರ ಹಾಕಿದರೆ ಕೆಲವು ಫಾಂಟ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಬರಹದಲ್ಲಿ ಎರಡು ರೂಪವೂ ಬೆರೆತಿದ್ದರೆ ಹುಡುಕು-ಬದಲಿಸುವಾಗ ಎರಡನ್ನೂ ಬೇರೆಬೇರೆಯಾಗಿ ಹುಡುಕಿ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುತ್ತದೆಂಬ ಭರವಸೆಯಿಲ್ಲ.