ಎಚ್‌ಬಿ (ಹಿಮೋಗ್ಲೋಬಿನ್) 12.2, ಎಲ್ಲ ನಾರ್ಮಲ್ ಅಂತೆ. ಮತ್ತೆ ಈ ಸುಸ್ತು ಯಾಕೆ?

ವಯಸ್ಸು 36, ಎರಡು ಮಕ್ಕಳ ತಾಯಿ, ಸಸ್ಯಾಹಾರಿ, ದಿನವಿಡೀ ಕಂಪ್ಯೂಟರ್ ಮುಂದಿನ ಕೆಲಸ. ಏಳು ಗಂಟೆ ಮಲಗಿದರೂ ಏಳುವಾಗಲೇ ಸುಸ್ತು. ಇದು ಮೈಯ ದಣಿವೋ ತಲೆಯದೋ, ಗೊತ್ತುಮಾಡಿಕೊಳ್ಳೋದು ಹೇಗೆ? ಬಲ್ಲವರು ತಿಳಿಸಿ.

—

ಹೆಂಗಸರಿಗೆ 12 ದಾಟಿದರೆ ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಬರುತ್ತೆ. ಆದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಮೊದಲು ಖಾಲಿಯಾಗುತ್ತೆ, ಎಚ್‌ಬಿ ಇಳಿಯೋದು ಆಮೇಲೆ. ಹಾಗಾಗಿ ಆ ಕೂಡಿಟ್ಟದ್ದು ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ. 15ಕ್ಕಿಂತ ಕೆಳಗಿದ್ದರೆ ಕೊರತೆ ಇದೆ ಅಂತಲೇ ಅರ್ಥ. 30ರೊಳಗಿದ್ದು ಮುಟ್ಟಿನ ಸ್ರಾವವೂ ಜಾಸ್ತಿ ಇದ್ದರೆ ಡಾಕ್ಟರಿಗೆ ಹೇಳಿ. ಜ್ವರ, ಸೋಂಕು ಇದ್ದಾಗ ಮಾತ್ರ ಮಾಡಿಸಬೇಡಿ, ಆಗ ಫೆರಿಟಿನ್ ಸುಳ್ಳೇ ಏರಿರುತ್ತೆ. ಜತೆಗೆ ವಿಟಮಿನ್ ಬಿ12, ಥೈರಾಯ್ಡ್ ನೋಡೋ ಟಿಎಸ್‌ಎಚ್, ಶುಗರ್. ಟಾನಿಕ್ಕು, ಬಿ12 ಇಂಜೆಕ್ಷನ್ ಶುರುಮಾಡೋ ಮೊದಲೇ ರಕ್ತ ಕೊಡಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಮಾತ್ರೆಯ ಬೆನ್ನಿಗೇ ಫಿಲ್ಟರ್ ಕಾಫಿ ಕುಡಿದು ‘ಏರಲೇ ಇಲ್ಲ’ ಅನ್ನೋರೇ ಜಾಸ್ತಿ.

—

ಮೈಯದೋ ತಲೆಯದೋ ನೋಡೋಕೆ ಕಾಸಿಲ್ಲದ ಪರೀಕ್ಷೆ ಒಂದಿದೆ. ಸಂಜೆ ಕೆಲಸ ಮುಗಿದ ಮೇಲೆ ಫೋನ್ ಮನೇಲಿ ಬಿಟ್ಟು 20 ನಿಮಿಷ ನಡೀರಿ. ಬಂದಾಗ ಹಗುರ ಅನ್ನಿಸಿದರೆ ಬಹುಪಾಲು ತಲೆಯದು. ತಲೆಯ ದಣಿವಿಗೆ ಸೋಫಾದಲ್ಲಿ ಒರಗಿ ರೀಲ್ಸ್ ನೋಡೋದು ವಿಶ್ರಾಂತಿಯಲ್ಲ, ಗಮನ ಅಲ್ಲೂ ಖರ್ಚಾಗ್ತಾನೇ ಇರುತ್ತೆ. ಎರಡು ಮಹಡಿ ಹತ್ತೋದರಲ್ಲಿ ಏದುಸಿರು, ಎದೆ ಡವಡವ ಅಂದರೆ ಮೈಯದು. ಎರಡು ವಾರ ದಿನಕ್ಕೆ ಮೂರು ಸಲ ಮೈಗೊಂದು, ತಲೆಗೊಂದು ಸುಸ್ತಿನ ಅಂಕ ಬರೆದಿಡಿ, ಹತ್ತಕ್ಕೆ ಇಷ್ಟು ಅಂತ. ಭಾನುವಾರ ಇಳಿದು ಸೋಮವಾರ ಏರೋದು ಕೆಲಸದ ಸುಸ್ತು.

—

ನಡಿಗೆಯನ್ನ ಎಲ್ಲರಿಗೂ ಹೇಳಬೇಡಿ. ವೈರಲ್ ಜ್ವರದ ನಂತರ ಶುರುವಾಗಿ, ಸ್ವಲ್ಪ ಶ್ರಮಪಟ್ಟರೂ ಒಂದೆರಡು ದಿನ ಬಿಟ್ಟು ಹಾಸಿಗೆ ಹಿಡಿಸೋ ಸುಸ್ತೂ ಇದೆ. ಅದರಲ್ಲಿ ಹಟಕ್ಕೆ ಬಿದ್ದು ನಡೆದರೆ ಇನ್ನೂ ಕೆಡುತ್ತೆ. ದಣಿಯೋ ಮೊದಲೇ ನಿಲ್ಲಿಸಬೇಕು.

—

ಏಳು ಗಂಟೆ ಮಲಗಿದ್ದು ಸರಿ, ನಿದ್ದೆ ಎಷ್ಟು? ಗೊರಕೆ ಇದೆಯಾ, ಉಸಿರು ನಡುವೆ ನಿಲ್ಲುತ್ತಾ ಅಂತ ಮನೆಯವರನ್ನ ಕೇಳಿ. ಬೆಳಗ್ಗೆ ಬಾಯಿ ಒಣಗಿ ತಲೆನೋವಿದ್ದರೆ ಸ್ಲೀಪ್ ಆಪ್ನಿಯಾ (ನಿದ್ದೇಲಿ ಉಸಿರು ನಿಂತುನಿಂತು ಬರೋ ತೊಂದರೆ) ಇರಬಹುದು, ತೆಳ್ಳಗಿರೋರಿಗೂ ಬರುತ್ತೆ. ಕೆಫೀನ್ ಅರ್ಧಕ್ಕಿಳಿಯೋಕೇ ಸುಮಾರು 5 ಗಂಟೆ ಬೇಕು, ಸಂಜೆಯ ಕಾಫಿ ಬಿಡಿ. ಮಧ್ಯಾಹ್ನ ಮಲಗೋದಾದರೆ 20 ನಿಮಿಷಕ್ಕೆ ಅಲಾರಂ. ಗಂಟೆಗಟ್ಟಲೆ ಆದರೆ ಎದ್ದ ಮೇಲೆ ಮಂಪರು.

—

ಒಂದು ಬಿಟ್ಟುಹೋಯ್ತು. ಎರಡು ವಾರದಿಂದ ಇಷ್ಟದ ಕೆಲಸವೂ ಬೇಡ ಅನ್ನಿಸ್ತಿದ್ದರೆ ಖಿನ್ನತೆ ಇರಬಹುದು, ಎಷ್ಟೋ ಸಲ ಅದು ಸುಸ್ತಿನ ರೂಪದಲ್ಲೇ ಬರುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ: ಉಚಿತ, ಕನ್ನಡದಲ್ಲೇ ಮಾತಾಡಬಹುದು.